ಬೆಂಚು, ಕಂಬಿ, ಕಿಟಕಿ
ಸಾಂಕ್ರಾಮಿಕದ ದಿನಗಳಲ್ಲಿ ಶಾಲೆ ಮತ್ತು ವಾಹನಗಳ ಸೋಂಕು ನಿವಾರಣೆ

(ಅಂಕೋಲೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ, ಶರಣರು, ದಾಸರು. ಇದು ನಮಗೆ ರೂಢಿ. ಈ ದತ್ತಿಯನ್ನು ಇಟ್ಟವರು ಮಾತ್ರ ಜನರ ಆರೋಗ್ಯಕ್ಕೆ ಉಪಯೋಗವಾಗುವ ವಿಜ್ಞಾನವನ್ನೇ ಮಾತಾಡಬೇಕು, ಕನ್ನಡದಲ್ಲೇ ಮಾತಾಡಬೇಕು ಎಂದು ಕರಾರು ಹಾಕಿದ್ದಾರೆ. ರಸಾಯನಶಾಸ್ತ್ರ ಕಲಿಸಿಕೊಂಡು ಬಂದ ನನಗೆ ಬ್ಲೀಚಿಂಗ್ ಪೌಡರಿನಷ್ಟು ಹತ್ತಿರದ ವಿಷಯ ಬೇರೆ ಇಲ್ಲ. ಹಾಗಾಗಿ ಶಾಲೆಯ ಬೆಂಚು, ಬಸ್ಸಿನ ಕಂಬಿ, ಎರಡಕ್ಕೂ ಸೇರಿದ ಕಿಟಕಿ, ಇವನ್ನು ಆರಿಸಿಕೊಂಡಿದ್ದೇನೆ. ಹೇಳಬೇಕಾದದ್ದು ಒಂದೇ ಮಾತು: ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲು ಕೇಳಿ, ಬಕೆಟ್ಟು ಆಮೇಲೆ ಎತ್ತಿ.

1. ಸಿಂಪಡಣೆಯ ವರ್ಷ

2020ರ ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಭಟ್ಕಳದಲ್ಲಿ ಕಂಡವು. ಆ ರೋಗಿಗಳ ಚಿಕಿತ್ಸೆಗೆ ಕಾರವಾರ ನೌಕಾನೆಲೆಯ ಪತಂಜಲಿ ಆಸ್ಪತ್ರೆ ಬಾಗಿಲು ತೆರೆಯಿತು. ಆ ಹೊತ್ತಿಗಾಗಲೇ ರಾಜ್ಯದ ಊರೂರಲ್ಲಿ ಸಿಂಪಡಣೆ ಶುರುವಾಗಿತ್ತು. ಅಗ್ನಿಶಾಮಕ ವಾಹನಗಳು ಖಾಲಿ ರಸ್ತೆಗೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಹೊಡೆದವು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪುಗಳು ಶಾಲೆ, ಪಂಚಾಯತಿ, ಬಸ್ ನಿಲ್ದಾಣಗಳ ಗೋಡೆ ತೋಯಿಸಿದವು. ಮಾರುಕಟ್ಟೆಗಳ ಬಾಗಿಲಲ್ಲಿ ಜನ ನಡೆದುಹೋಗುವ ಸಿಂಪಡಣೆ ಸುರಂಗಗಳು ಎದ್ದವು.

ಮಾರ್ಚ್ 30ರಂದು ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕೂಲಿಕಾರ್ಮಿಕರನ್ನು ರಸ್ತೆಯಲ್ಲೇ ಕೂರಿಸಿ, ಮಕ್ಕಳು ಮರಿ ಎನ್ನದೆ, ಮೈಮೇಲೆ ಸೋಡಿಯಂ ಹೈಪೋಕ್ಲೋರೈಟ್ ಹೊಡೆದ ದೃಶ್ಯವನ್ನು ದೇಶವೇ ನೋಡಿತು. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟ ಸೂಚನೆ ಹೊರಡಿಸಿತು: ಮನುಷ್ಯರ ಮೇಲೆ ಸೋಂಕು ನಿವಾರಕ ಸಿಂಪಡಿಸಬೇಡಿ, ಅದರಿಂದ ಕಣ್ಣು, ಚರ್ಮ, ಶ್ವಾಸಕ್ಕೆ ಹಾನಿ, ದೇಹದೊಳಗೆ ಸೇರಿದ ವೈರಸ್ಸಿಗೆ ಅದು ತಾಗುವುದೂ ಇಲ್ಲ. ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಮುಂದೆ ಹೋಗಿ, ರಸ್ತೆ, ಪೇಟೆಯಂಥ ಬಯಲು ಜಾಗಗಳಿಗೆ ಸಿಂಪಡಿಸುವುದೂ ಬೇಡ, ಕೋಣೆಯೊಳಗೂ ಸಿಂಪಡಣೆಗಿಂತ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದೇ ಸರಿ ಎಂದಿತು. ಕಾರಣ ಸರಳ. ಮಂಜಿನಂತೆ ಹಾರಿದ ದ್ರಾವಣ ಬೆಂಚಿನ ಮೇಲ್ಭಾಗವನ್ನು ಮುಟ್ಟುತ್ತದೆ, ಮಕ್ಕಳ ಕೈ ಸದಾ ಸವರುವ ಕೆಳಗಿನ ಅಂಚನ್ನು ಮುಟ್ಟುವುದಿಲ್ಲ.

ಮೇ 19ರಂದು ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಮತ್ತೆ ಓಡಿದವು, ಒಂದು ಬಸ್ಸಿಗೆ 30 ಜನರ ಮಿತಿಯೊಂದಿಗೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಹೆಸರು ನೋಂದಾಯಿಸಿದ್ದ ಮಕ್ಕಳು ಎಂಟು ಲಕ್ಷಕ್ಕೂ ಮಿಕ್ಕಿ. ಜೂನ್ ಕೊನೆಯೆಂದರೆ ಕರಾವಳಿಯಲ್ಲಿ ಹೊಡೆಮಳೆ. ಬಾಗಿಲಲ್ಲಿ ಜ್ವರ ನೋಡುವ ಯಂತ್ರ, ಮಕ್ಕಳ ಮುಖಕ್ಕೆ ಮಾಸ್ಕು, ಬೆಂಚುಗಳ ನಡುವೆ ಅಂತರ, ಕೋಣೆಗೆ ಮೊದಲೇ ಸಿಂಪಡಣೆ. ಆ ಪರೀಕ್ಷೆ ನಡೆಸಿಕೊಟ್ಟ ಮಾಸ್ತರರು, ಅಕ್ಕೋರುಗಳು ಇಲ್ಲಿ ಎಷ್ಟೋ ಜನ ಇದ್ದೀರಿ. ಮಕ್ಕಳು ಬರೆದರು, ಪಾಸಾದರು. ಅದು ಸಣ್ಣ ಸಾಧನೆಯಲ್ಲ. ಆ ವ್ಯವಸ್ಥೆಯಲ್ಲಿ ಯಾವುದು ನಿಜವಾಗಿ ಮಕ್ಕಳನ್ನು ಕಾಯಿತು, ಯಾವುದು ಬರೀ ಕಣ್ಣಿಗೆ ಸಮಾಧಾನ ಕೊಟ್ಟಿತು ಎಂಬುದನ್ನು ಈಗ ನಿಧಾನವಾಗಿ ನೋಡಬಹುದು.

2. ಹಳೆಯ ಪಾಠ

ಇಂಥ ಗೊಂದಲ ಈ ಕರಾವಳಿಗೆ ಹೊಸತಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಪ್ರಾಂತ್ಯದ ತುಂಬ ಅದರ ಭಯ ಹರಡಿತು. ಮರುವರ್ಷ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಕೋವಿಡ್ ನಿಯಮಗಳನ್ನು ಹೊರಡಿಸಿದ್ದೂ ಅದೇ 1897ರ ಕಾಯ್ದೆಯ ಕೆಳಗೆ.

ಪ್ಲೇಗಿನ ಕಾಲದ ಸೋಂಕು ನಿವಾರಣೆ ಎಂದರೆ ಕಾರ್ಬಾಲಿಕ್ ಆಮ್ಲದಿಂದ ಮನೆ ತೊಳೆಯುವುದು, ಸುಣ್ಣ ಬಳಿಯುವುದು, ಹಾಸಿಗೆ ಬಟ್ಟೆ ಸುಡುವುದು, ಬೆಳಕು ಬೀಳಲೆಂದು ಹೆಂಚು ಕೀಳುವುದು. ಪ್ಲೇಗು ನೆಲದಿಂದ, ಕೊಳೆಯಿಂದ, ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಅಧಿಕಾರಿಗಳು ನಂಬಿದ್ದರು. 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಪ್ರಯೋಗ ಮಾಡಿ ತೋರಿಸಿದ: ರೋಗವನ್ನು ಇಲಿಯಿಂದ ಇಲಿಗೆ ಹೊತ್ತು ತರುವುದು ಚಿಗಟ. ಮನೆ ತೊಳೆದ ಕಡೆ ಇಲಿ ಪಕ್ಕದ ಮನೆಗೆ ಓಡಿತು, ಚಿಗಟವೂ ಅದರ ಜೊತೆ ಹೋಯಿತು. ಸಿಮೋಂನ ಮಾತನ್ನು ಒಪ್ಪಲು ವಿಜ್ಞಾನಲೋಕಕ್ಕೆ ವರ್ಷಗಳೇ ಹಿಡಿದವು. ಪ್ಲೇಗಿನದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ಆದರೂ ಅದರ ಪಾಠ ಎಲ್ಲ ರೋಗಕ್ಕೂ ಒಂದೇ: ದಾರಿ ತಪ್ಪಿ ತಿಳಿದರೆ ಎಷ್ಟು ಔಷಧಿ ಸುರಿದರೂ ವ್ಯರ್ಥ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ಸು ಸಿದ್ದಾಪುರ, ಹೊನ್ನಾವರದ ಕಡೆ ಇಂದಿಗೂ ಬೇಸಿಗೆಗೆ ಮುಂಚೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅದು ಬರುವುದು ಕಾಡಿನ ಉಣ್ಣೆ ಹುಳದ ಕಡಿತದಿಂದ. ಮನುಷ್ಯನಿಂದ ಮನುಷ್ಯನಿಗೆ ಹಬ್ಬುವ ರೋಗವಲ್ಲ. ಅಲ್ಲಿ ಶಾಲೆಯ ಬೆಂಚಿಗೆ ಹೈಪೋ ಹೊಡೆದರೆ ಪ್ರಯೋಜನ ಸೊನ್ನೆ. ಕಾಡಿಗೆ ಹೋಗುವವರ ಕೈಕಾಲಿಗೆ ಹಚ್ಚುವ ಎಣ್ಣೆ, ಮೈಮುಚ್ಚುವ ಬಟ್ಟೆ, ಸತ್ತ ಮಂಗದ ಸುದ್ದಿಯನ್ನು ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದು, ಅಲ್ಲಿ ಕೆಲಸಕ್ಕೆ ಬರುವುದು ಇವು.

3. ಎರಡು ಬಗೆಯ ವೈರಸ್ಸು, ಎರಡು ಬಗೆಯ ದಾರಿ

ಶಾಲೆಗೆ ಬರುವ ವೈರಸ್ಸುಗಳನ್ನು ತೊಳೆಯುವವರ ಕಣ್ಣಿನಿಂದ ಎರಡು ಗುಂಪು ಮಾಡಬಹುದು. ಒಂದಕ್ಕೆ ಕೊಬ್ಬಿನ ಹೊದಿಕೆ ಇದೆ. ಕೊರೊನಾ, ಇನ್‌ಫ್ಲುಯೆಂಜಾ, ದಡಾರ ಇವೆಲ್ಲ ಆ ಗುಂಪಿನವು. ಸೋಪು ಆ ಕೊಬ್ಬನ್ನು ಕರಗಿಸುತ್ತದೆ, ಹೊದಿಕೆ ಹರಿದರೆ ವೈರಸ್ಸು ಕೆಟ್ಟಿತು. ಇನ್ನೊಂದಕ್ಕೆ ಹೊದಿಕೆ ಇಲ್ಲ, ಗಟ್ಟಿ ಪ್ರೋಟೀನಿನ ಚಿಪ್ಪು ಮಾತ್ರ. ವಾಂತಿಭೇದಿ ತರುವ ನೊರೊವೈರಸ್, ಮಕ್ಕಳ ಅಂಗೈ, ಪಾದ, ಬಾಯಲ್ಲಿ ಗುಳ್ಳೆ ಎಬ್ಬಿಸುವ ಎಂಟೆರೊವೈರಸ್, ಕಣ್ಣುಬೇನೆ ತರುವ ಅಡೆನೊವೈರಸ್ ಈ ಗುಂಪಿನವು. ಇವಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಕೈಗೆ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯುವುದು, ಮೇಲ್ಮೈಗೆ ಕ್ಲೋರಿನ್ ಹಾಕುವುದು, ಇವೇ ಗತಿ. ಕೋವಿಡ್ ಕಾಲದಲ್ಲಿ ಸ್ಯಾನಿಟೈಸರ್ ಬಾಟಲಿಯನ್ನೇ ನಂಬಿದ ಶಾಲೆ ವಾಂತಿಭೇದಿಯ ಕಾಲದಲ್ಲೂ ಅದನ್ನೇ ನಂಬಿದರೆ ಮೋಸಹೋಗುತ್ತದೆ.

ಇನ್ನು ದಾರಿಯ ಮಾತು. 2020ರ ಮಾರ್ಚ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಯೋಗದ ಫಲಿತಾಂಶ ಜಗತ್ತನ್ನೇ ಬೆಚ್ಚಿಸಿತು. ಕೊರೊನಾ ವೈರಸ್ಸು ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಜೀವಂತ ಸಿಕ್ಕಿತ್ತು. ತಾಮ್ರದ ಮೇಲೆ ನಾಲ್ಕೇ ಗಂಟೆ. ಅಂದಿನಿಂದ ಮನೆಗಳಲ್ಲಿ ತರಕಾರಿ ತೊಳೆದರು, ಪೇಪರು ಬಿಸಿಲಿಗೆ ಒಣಗಿಸಿದರು. ಅದೇ ವರ್ಷ ಜುಲೈನಲ್ಲಿ ಎಮಾನ್ಯುಯೆಲ್ ಗೋಲ್ಡ್‌ಮನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ತಕರಾರು ಎತ್ತಿದರು. ಇಂಥ ಪ್ರಯೋಗಗಳಲ್ಲಿ ಮೇಲ್ಮೈಗೆ ಹಾಕಿದ ವೈರಸ್ಸಿನ ಪ್ರಮಾಣ ನಿಜಜೀವನದಲ್ಲಿ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಕೊಟ್ಟಿತು: ವೈರಸ್ಸು ಬಿದ್ದ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಕೋವಿಡ್‌ನ ಹೆದ್ದಾರಿ ಗಾಳಿ. ಬೆಂಚು ಅದಕ್ಕೆ ಒಂದು ಕಾಲುದಾರಿ.

ಹಾಗಂತ ಒರೆಸುವುದೇ ಬೇಡವೆಂದು ಯಾರೂ ತಿಳಿಯಬಾರದು. 2023ರ ಮಳೆಗಾಲದಲ್ಲಿ ರಾಜ್ಯದ ಶಾಲೆಗಳಲ್ಲಿ ಕಣ್ಣುಬೇನೆ ಹಬ್ಬಿದ್ದು ನೆನಪಿರಬೇಕು. ಮದ್ರಾಸ್ ಐ ಎಂದು ಎಲ್ಲರ ಬಾಯಲ್ಲೂ ಇತ್ತು. ಕಣ್ಣು ಉಜ್ಜಿದ ಕೈ ಬೆಂಚಿಗೆ, ಬೆಂಚಿನಿಂದ ಪಕ್ಕದ ಹುಡುಗನ ಕೈಗೆ, ಅಲ್ಲಿಂದ ಅವನ ಕಣ್ಣಿಗೆ. ಇಲ್ಲಿ ಬೆಂಚೇ ಹೆದ್ದಾರಿ. 2022ರಲ್ಲಿ ಕೇರಳದ ಕೊಲ್ಲಂ ಕಡೆಯಿಂದ ಟೊಮೆಟೊ ಜ್ವರವೆಂದು ಸುದ್ದಿಯಾಗಿದ್ದೂ ಮಕ್ಕಳ ಗುಳ್ಳೆ ರೋಗದ ಬಗೆಯೇ. ಅದಕ್ಕೆ ಅಂಗನವಾಡಿಯ ಆಟಿಕೆ, ಒಂದೇ ಟವೆಲ್ಲು, ನಲ್ಲಿಯ ತಿರುಪು ಇವೇ ದಾರಿ. ವಾಂತಿಭೇದಿಗೆ ಪಾಯಖಾನೆಯ ಚಿಲಕ, ನೀರಿನ ಲೋಟ. ರೋಗ ಬದಲಾದ ಹಾಗೆ ಮೊದಲು ಒರೆಸಬೇಕಾದ ಜಾಗವೂ ಬದಲಾಗುತ್ತದೆ.

4. ಬಸ್ಸು, ಟೆಂಪೋ, ರಿಕ್ಷಾ

ಅಚವೆ, ಹಿಲ್ಲೂರು, ಸುಂಕಸಾಳದ ಮಕ್ಕಳು ಅಂಕೋಲೆಗೆ, ಮಾಜಾಳಿ, ಚೆಂಡಿಯಾ, ತೋಡೂರಿನ ಮಕ್ಕಳು ಕಾರವಾರಕ್ಕೆ ಬರುವುದು ಬಸ್ಸಿನಲ್ಲಿ, ಟೆಂಪೋದಲ್ಲಿ. ಶಾಲೆಯೊಳಗೆ ಎಷ್ಟೇ ಅಂತರ ಕಾಪಾಡಿದರೂ ಬೆಳಗಿನ ಬಸ್ಸಿನಲ್ಲಿ ಹೆಗಲಿಗೆ ಹೆಗಲು ತಾಗುತ್ತದೆ. ಆದ್ದರಿಂದ ವಾಹನವನ್ನು ಶಾಲೆಯ ಒಂದು ಕೋಣೆ ಎಂದೇ ಎಣಿಸಬೇಕು.

ಬಸ್ಸಿನ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಸ್ಪಷ್ಟ ಸಾಕ್ಷ್ಯ ಚೀನಾದ ಝೆಜಿಯಾಂಗ್ ಪ್ರಾಂತ್ಯದ್ದು. 2020ರ ಜನವರಿ 19ರಂದು ಒಂದು ಬೌದ್ಧ ಪೂಜೆಗೆ ಎರಡು ಬಸ್ಸುಗಳಲ್ಲಿ ಜನ ಹೋದರು. ಒಂದರಲ್ಲಿ 60 ಜನ, ಯಾರಿಗೂ ಏನೂ ಆಗಲಿಲ್ಲ. ಇನ್ನೊಂದರಲ್ಲಿ 68 ಜನ, ಅವರಲ್ಲಿ ಒಬ್ಬರಿಗೆ ಸೋಂಕು ಇತ್ತು. ಕೊನೆಗೆ ಆ ಬಸ್ಸಿನ 24 ಜನರಲ್ಲಿ ಕೋವಿಡ್ ಪತ್ತೆಯಾಯಿತು. ಆ ಬಸ್ಸಿನ ಏಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು. ರೋಗಿಯಿಂದ ದೂರ ಕೂತವರಿಗೂ ತಗುಲಿತು. ತೆರೆಯಬಲ್ಲ ಕಿಟಕಿಯ ಪಕ್ಕ ಕೂತವರಲ್ಲಿ, ರೋಗಿಯ ಮಗ್ಗುಲಲ್ಲಿದ್ದ ಒಬ್ಬರನ್ನು ಬಿಟ್ಟರೆ, ಉಳಿದವರು ಪಾರಾದರು; ಚಾಲಕರೂ ಬಾಗಿಲ ಹತ್ತಿರದವರೂ ಪಾರಾದರು. ಆ ಬಸ್ಸಿನ ಕಂಬಿಗಳನ್ನು ಫಳಫಳ ಹೊಳೆಯುವ ಹಾಗೆ ಒರೆಸಿದ್ದರೂ ಈ ಫಲಿತಾಂಶ ಹೆಚ್ಚು ಬದಲಾಗುತ್ತಿರಲಿಲ್ಲ.

ನಮ್ಮ ವಾಯವ್ಯ ಸಾರಿಗೆಯ ಕೆಂಪು ಬಸ್ಸಿಗೆ ಏಸಿ ಇಲ್ಲ, ಕಿಟಕಿ ಇದೆ. ಇದು ನಮ್ಮ ಪುಣ್ಯ. ಉಸಿರಿನ ರೋಗದ ಕಾಲದಲ್ಲಿ ಡಿಪೋದ ಮೊದಲ ಕೆಲಸ ಕಿಟಕಿಯ ಗಾಜು ಸಲೀಸಾಗಿ ಸರಿಯುವಂತೆ ನೋಡಿಕೊಳ್ಳುವುದು. ಕೈ ತಾಗುವ ಜಾಗಗಳದು ಎರಡನೆಯ ಕೆಲಸ: ಹತ್ತುವ ಬಾಗಿಲಿನ ಕಂಬಿ, ಮೇಲಿನ ಹಿಡಿಕಂಬಿ, ಸೀಟಿನ ಹಿಂದಿನ ಹಿಡಿಕೆ, ಕಿಟಕಿಯ ಅಡ್ಡಕಂಬಿ, ಚಾಲಕರ ಸ್ಟೀರಿಂಗು ಮತ್ತು ಗೇರಿನ ಗುಂಡಿ, ನಿರ್ವಾಹಕರ ಟಿಕೆಟ್ ಮೆಷಿನ್ನು. ಟೆಂಪೋ, ರಿಕ್ಷಾಗಳಲ್ಲಿ ಇವುಗಳ ಸಂಖ್ಯೆ ಕಡಿಮೆ. ಐದು ನಿಮಿಷದ ಕೆಲಸ. ಬಸ್ಸಿನ ಛಾವಣಿಗೆ, ಟೈರಿಗೆ ಹೈಪೋ ಹೊಡೆಯುವುದು ಔಷಧಿಯ ದಂಡ.

ಕರಾವಳಿಯ ವಾಹನಗಳಿಗೆ ಇನ್ನೊಂದು ಕಷ್ಟ ಇದೆ. ಹೈಪೋ ಕಬ್ಬಿಣವನ್ನು ತಿನ್ನುತ್ತದೆ, ಒಣಗಿದ ಮೇಲೆ ಉಪ್ಪು ಉಳಿಸುತ್ತದೆ. ಸಮುದ್ರದ ಗಾಳಿಗೆ ಮೊದಲೇ ತುಕ್ಕು ಹಿಡಿಯುವ ಬಸ್ಸಿಗೆ ದಿನಾ ಹೈಪೋ ಹೊಡೆದರೆ ರೋಗಕ್ಕಿಂತ ಮೊದಲು ಬಸ್ಸೇ ಹೋದೀತು. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಮಾರ್ಗಸೂಚಿಯಲ್ಲೂ ಬಾಗಿಲ ಹಿಡಿಯಂಥ ಲೋಹದ ಭಾಗಗಳಿಗೆ 70% ಆಲ್ಕೋಹಾಲ್ ಎಂದಿತ್ತು. ಆಲ್ಕೋಹಾಲ್ ಸಿಗದಿದ್ದರೆ ಸೋಪಿನ ನೀರಲ್ಲಿ ಒರೆಸಿ. ಹೈಪೋವನ್ನೇ ಹಾಕಬೇಕಾಗಿ ಬಂದರೆ ಹತ್ತು ನಿಮಿಷ ಬಿಟ್ಟು ಬರಿನೀರಿನ ಬಟ್ಟೆಯಿಂದ ಒರೆಸಿ ತೆಗೆಯಿರಿ. ಟಿಕೆಟ್ ಮೆಷಿನ್ನಿಗೆ ಯಾವ ದ್ರಾವಣವನ್ನೂ ನೇರ ಸಿಂಪಡಿಸಬೇಡಿ. ಆಫ್ ಮಾಡಿ, ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಇಂಜಿನ್ನು ಬಿಸಿ ಇರುವಾಗ ಅದರ ಹತ್ತಿರ ಆಲ್ಕೋಹಾಲ್ ಬೇಡವೇ ಬೇಡ.

5. ಬಕೆಟ್ಟಿನ ಲೆಕ್ಕ

ಈಗ ರಸಾಯನಶಾಸ್ತ್ರದ ತರಗತಿ. ಪೇಟೆಯಲ್ಲಿ ಸಿಗುವ ಹೈಪೋ ಬೇರೆ ಬೇರೆ ಖಾರದ್ದು. ಡಬ್ಬಿಯ ಮೇಲೆ ಶೇಕಡಾ ಎಷ್ಟು ಎಂದು ಓದದೆ ಬಕೆಟ್ಟಿಗೆ ಸುರಿಯಬಾರದು. ನಮ್ಮ ಕೇಂದ್ರ ಮಾರ್ಗಸೂಚಿ ಆಗ 1% ದ್ರಾವಣ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಮೇಲ್ಮೈಗಳಿಗೆ 0.1% ಸಾಕು, ರಕ್ತ ಮುಂತಾದವು ಹೆಚ್ಚಾಗಿ ಚೆಲ್ಲಿದ ಜಾಗಕ್ಕೆ 0.5% ಎಂದಿತು. ಮಕ್ಕಳು ದಿನವಿಡೀ ಕೂರುವ ಕೋಣೆಗೆ ತೆಳು ದ್ರಾವಣವೇ ಮೇಲು ಎಂಬುದು ನನ್ನ ಅಭಿಪ್ರಾಯ.

5% ಹೈಪೋ ಇದೆ ಎನ್ನಿ. ಹತ್ತು ಲೀಟರ್ 0.1% ದ್ರಾವಣ ಬೇಕಾದರೆ 200 ಮಿಲಿಲೀಟರ್ ಹೈಪೋ, ಉಳಿದದ್ದು ನೀರು. ವಾಂತಿಯಾದ ಜಾಗಕ್ಕೆ 0.5% ಬೇಕಾದರೆ ಒಂದು ಲೀಟರ್ ಹೈಪೋಗೆ ಒಂಬತ್ತು ಲೀಟರ್ ನೀರು. ಹೈಪೋ ಇಲ್ಲ, ಬ್ಲೀಚಿಂಗ್ ಪೌಡರ್ ಇದೆ ಎನ್ನಿ. ಒಳ್ಳೆಯ ಹೊಸ ಪೌಡರಿನಲ್ಲಿ ಸುಮಾರು 30% ಕ್ಲೋರಿನ್ ಇರುತ್ತದೆ. ಹತ್ತು ಲೀಟರಿಗೆ ಸುಮಾರು 33 ಗ್ರಾಂ ಹಾಕಿದರೆ 0.1% ಆಗುತ್ತದೆ. ಮೊದಲು ಸ್ವಲ್ಪ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಕೆಟ್ಟಿಗೆ ಬಗ್ಗಿಸಿಕೊಳ್ಳಬೇಕು.

'ಹೊಸ ಪೌಡರ್' ಎಂದು ಒತ್ತಿ ಹೇಳಿದ್ದಕ್ಕೆ ಕಾರಣ ನಮ್ಮ ಹವೆ. ಗಾಳಿ, ತೇವ, ಬೆಳಕು ತಾಗಿದರೆ ಬ್ಲೀಚಿಂಗ್ ಪೌಡರ್ ಕ್ಲೋರಿನ್ ಕಳೆದುಕೊಳ್ಳುತ್ತದೆ. ಶಾಲೆಯ ಮೂಲೆಯಲ್ಲಿ ಬಾಯಿಬಿಟ್ಟುಕೊಂಡು ಒಂದು ಮಳೆಗಾಲ ಕಳೆದ ಚೀಲದಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ಅದರಿಂದ ಸ್ವಲ್ಪ ವಾಸನೆ ಬರಬಹುದು. ವಾಸನೆ ಬಂದರೆ ಶಕ್ತಿ ಇದೆ ಎಂದಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ನೆರಳು, ತೆರೆದ ತಾರೀಖು ಬರೆದ ಚೀಟಿ, ಇಷ್ಟಿದ್ದರೆ ಸಾಕು. ಕಲಸಿದ ದ್ರಾವಣವೂ ಅಷ್ಟೇ, ಆಯಾ ದಿನದ್ದು ಆಯಾ ದಿನಕ್ಕೆ.

ಜೀವಕ್ಕೇ ಸಂಬಂಧಿಸಿದ ಒಂದು ಎಚ್ಚರಿಕೆ. ಹೈಪೋ ಅಥವಾ ಬ್ಲೀಚಿಂಗ್ ಪೌಡರನ್ನು ಪಾಯಖಾನೆ ತೊಳೆಯುವ ಆಸಿಡ್ಡಿನ ಜೊತೆ ಎಂದೂ ಬೆರೆಸಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೆ ಅಪಾಯ. ಅಮೋನಿಯಾ ಇರುವ ಕ್ಲೀನರಿನ ಜೊತೆಗೂ ಬೇಡ. ಎರಡೆರಡು ಹಾಕಿದರೆ ಇನ್ನೂ ಚೊಕ್ಕ ಎಂಬ ನಂಬಿಕೆಯಿಂದ ಅವಘಡಗಳಾಗುತ್ತವೆ.

6. ಒರೆಸುವ ಕ್ರಮ

ಕೊಳೆಯ ಮೇಲೆ ಹೈಪೋ ಹಾಕುವುದು ಎಣ್ಣೆಜಿಡ್ಡಿನ ಪಾತ್ರೆಗೆ ಬಣ್ಣ ಬಳಿದ ಹಾಗೆ. ಧೂಳು, ಬೆವರು, ಊಟದ ಚೂರು ಇವೇ ಕ್ಲೋರಿನ್ನನ್ನು ನುಂಗಿಹಾಕುತ್ತವೆ, ವೈರಸ್ಸಿಗೆ ಏನೂ ಮಿಗುವುದಿಲ್ಲ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಬರಿನೀರು, ಕೊನೆಗೆ ಹೈಪೋ. ಹೈಪೋ ಹಾಕಿದ ಮೇಲ್ಮೈ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಹಚ್ಚಿದ ಕೂಡಲೇ ಒಣಬಟ್ಟೆಯಲ್ಲಿ ಉಜ್ಜಿದರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗಲಿಲ್ಲ.

ಚೊಕ್ಕ ಜಾಗದಿಂದ ಕೊಳೆ ಜಾಗಕ್ಕೆ, ಮೇಲಿನಿಂದ ಕೆಳಕ್ಕೆ ಹೋಗಬೇಕು. ಪಾಯಖಾನೆಯ ಬಟ್ಟೆ ಬೇರೆ, ಕೋಣೆಯದು ಬೇರೆ, ಅಡುಗೆಮನೆಯದು ಬೇರೆ. ಬಣ್ಣ ಬೇರೆ ಇದ್ದರೆ ಗುರುತು ಸುಲಭ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬಾರದು, ಮಕ್ಕಳು ಕೋಣೆಯಲ್ಲಿರುವಾಗಲೂ ಮಾಡಬಾರದು. ಸಂಜೆ ಶಾಲೆ ಬಿಟ್ಟ ಮೇಲೆ ಒರೆಸಿ, ಕಿಟಕಿ ತೆರೆದಿಟ್ಟು ವಾಸನೆ ಹೋಗಲು ಬಿಡುವುದು ಒಳ್ಳೆಯದು. ಉಬ್ಬಸದ ಮಕ್ಕಳಿಗೆ ಕ್ಲೋರಿನ್ ವಾಸನೆಯೇ ಸಾಕು, ಎದೆ ಹಿಡಿಯುತ್ತದೆ. ಬಿಸಿಯೂಟದ ತಟ್ಟೆ, ಹಾಲಿನ ಲೋಟಗಳಿಗೆ ಸೋಪು ಮತ್ತು ಬಿಸಿನೀರು ಸಾಕು.

7. ಮಳೆಗಾಲದ ಕಿಟಕಿ

ಗಾಳಿಯಾಡಲಿ ಎನ್ನುವುದು ಬಯಲುಸೀಮೆಯಲ್ಲಿ ಸುಲಭ. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಬೀಳುವ ಈ ಪಟ್ಟಿಯಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೆ. ಪಡುವಣ ಗಾಳಿ ನೀರನ್ನು ಅಡ್ಡಡ್ಡ ಹೊಡೆಯುವಾಗ ಯಾವ ಅಕ್ಕೋರು ಕಿಟಕಿ ತೆರೆದಾರು? ಬಸ್ಸಿನ ಗಾಜುಗಳೂ ಮುಚ್ಚುತ್ತವೆ. ಒಳಗೆ ಒದ್ದೆ ಛತ್ರಿ, ಒದ್ದೆ ಚೀಲ, ಐವತ್ತು ಉಸಿರು. ಗಾಳಿಯಿಂದ ಹರಡುವ ರೋಗಕ್ಕೆ ಇದಕ್ಕಿಂತ ಅನುಕೂಲದ ಜಾಗ ಬೇಕೇ?

ಇದಕ್ಕೆ ಉತ್ತರ ನಮ್ಮ ಕಟ್ಟಡದ ಬುದ್ಧಿಯಲ್ಲೇ ಇದೆ. ಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ ಮಳೆ ತಾಗದ ಗಾಳಿಕಂಡಿಗಳು ಹಳೆಯ ಹೆಂಚಿನ ಶಾಲೆಗಳಲ್ಲಿದ್ದವು. ಆರ್‌ಸಿಸಿ ಕೋಣೆಗಳಲ್ಲಿ ಅವು ಕಡಿಮೆಯಾದವು, ಇದ್ದವನ್ನು ಪಾರಿವಾಳ ಬರುತ್ತದೆಂದು ರಟ್ಟು ಹೊಡೆದು ಮುಚ್ಚಿದ್ದೂ ಉಂಟು. ರಟ್ಟು ತೆಗೆದು ಜಾಳಿಗೆ ಹಾಕಿ. ಮಳೆ ಬಡಿಯುವ ಪಡುವಣ ಕಿಟಕಿ ಮುಚ್ಚಿದ್ದರೂ ಮೂಡಣ ಕಿಟಕಿಯನ್ನೂ ಬಾಗಿಲನ್ನೂ ತೆರೆದಿಡಿ. ಕಿಟಕಿಗೆ ಎರಡಡಿ ಅಗಲದ ತಗಡಿನ ಚಾಚು ಹಾಕಿಸಿದರೆ ಸಾಮಾನ್ಯ ಮಳೆಗೆ ಅದೂ ತೆರೆದಿರುತ್ತದೆ.

2020ರ ಆಗಸ್ಟ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ ಶುರುವಾದ ಸರಕಾರದ ವಿದ್ಯಾಗಮ ಯೋಜನೆಯಲ್ಲಿ ಪಾಠ ಜಗುಲಿಗೆ, ಮರದಡಿಗೆ, ದೇವಸ್ಥಾನದ ಪೌಳಿಗೆ ಬಂದಿತ್ತು. ಮಕ್ಕಳಿಗೆ, ಶಿಕ್ಷಕರಿಗೆ ಸೋಂಕಿನ ಸುದ್ದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಅದರ ಕುಂದುಕೊರತೆಗಳು ಏನೇ ಇರಲಿ, ಪಾಠವನ್ನು ಬಯಲಿಗೆ ತಂದ ವಿಚಾರ ಮಾತ್ರ ವಿಜ್ಞಾನಕ್ಕೆ ಒಪ್ಪುವಂಥದ್ದೇ ಆಗಿತ್ತು.

8. ಯಾರು ಒರೆಸುತ್ತಾರೆ?

ಈ ಪ್ರಶ್ನೆ ಕೇಳದೆ ಸೋಂಕು ನಿವಾರಣೆಯ ಮಾತು ಮುಗಿಯುವುದಿಲ್ಲ. ಕೋವಿಡ್ ಕಾಲದಲ್ಲಿ ಪಂಪು ಹೊತ್ತವರು ಪೌರಕಾರ್ಮಿಕರು. ಬಸ್ಸು ತೊಳೆದವರು ಡಿಪೋದ ಕೊನೆಯ ದರ್ಜೆಯ ಕೆಲಸಗಾರರು. ಎಷ್ಟೋ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ತೊಳೆಯಲೆಂದೇ ನೇಮಕವಾದ ಸಿಬ್ಬಂದಿ ಇಲ್ಲ. ಆ ಕೆಲಸ ಅಡುಗೆಯವರ ತಲೆಗೆ ಬೀಳುತ್ತದೆ, ಇಲ್ಲವೇ ಮಕ್ಕಳ ತಲೆಗೆ. ಸಿಂಪಡಣೆಗೆ ಫೋಟೋ ಸಿಗುತ್ತದೆ, ಉದ್ಘಾಟನೆ ಸಿಗುತ್ತದೆ. ಬಟ್ಟೆ ಹಿಡಿದು ಬೆಂಚಿನ ಕೆಳಗೆ ಒರೆಸುವವರಿಗೆ ಕೈಗವಸೂ ಸಿಗುವುದಿಲ್ಲ. ಬಜೆಟ್ಟು ಫೋಟೋ ಇದ್ದ ಕಡೆ ಹರಿಯುತ್ತದೆ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ. ಮೇ ತಿಂಗಳ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಿಟಕಿಯ ತಾಳ, ಗಾಳಿಕಂಡಿ, ಕೈತೊಳೆಯುವ ನಲ್ಲಿಗಳ ರಿಪೇರಿಯನ್ನು ಮೊದಲ ಬಾಬ್ತಾಗಿ ಬರೆಯಿರಿ. ಪ್ರತಿ ಶಾಲೆಯ, ಪ್ರತಿ ಡಿಪೋದ ಗೋಡೆಯಲ್ಲಿ ಒಂದು ಹಾಳೆ ಇರಲಿ. ಉಸಿರಿನ ರೋಗ, ಕಣ್ಣುಬೇನೆ, ವಾಂತಿಭೇದಿ ಎಂದು ಮೂರು ಅಂಕಣ ಮಾಡಿ, ಯಾವುದಕ್ಕೆ ಏನು ಮೊದಲು ಎಂದು ಅದರಲ್ಲಿ ಬರೆದಿರಲಿ. ಗ್ರಾಮ ಪಂಚಾಯತಿ, ಪುರಸಭೆ, ನಗರಸಭೆಗಳು ಸಿಂಪಡಣೆಗೆ ಎತ್ತಿಡುವ ಹಣದಲ್ಲಿ ಸೋಪು, ಬಟ್ಟೆ, ಕೈಗವಸು, ಅಳತೆಯ ಜಗ್ಗುಗಳಿಗೆ ಪಾಲು ಕೊಡಲಿ. ಒರೆಸುವವರಿಗೆ ತರಬೇತಿಯನ್ನೂ ಆ ಗಂಟೆಗಳ ಕೂಲಿಯನ್ನೂ ಕೊಡಲಿ. ಅವರಿಗೆ ಜ್ವರ ಬಂದರೆ ಸಂಬಳ ಕಡಿಯದೆ ರಜೆ ಕೊಡಲಿ. ಕಾಯಿಲೆಯಲ್ಲೇ ಕೆಲಸಕ್ಕೆ ಬಂದವರು ಒರೆಸಿದ ಬೆಂಚನ್ನು ಮತ್ತೊಬ್ಬರು ಒರೆಸಬೇಕಾಗುತ್ತದೆ.

ಮುಂದಿನ ಸಾಂಕ್ರಾಮಿಕ ಯಾವುದೆಂದು ಹೇಳಲು ಯಾರಿಂದಲೂ ಆಗದು. ಅದು ಬಂದ ಮೊದಲ ವಾರದಲ್ಲಿ ಮತ್ತೆ ಪಂಪುಗಳು ರಸ್ತೆಗೆ ಇಳಿಯುತ್ತವೆ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆಗ ನಿಮ್ಮೂರಿನ ಅಧಿಕಾರಿಯನ್ನೂ ಸದಸ್ಯರನ್ನೂ ಮೂರು ಪ್ರಶ್ನೆ ಕೇಳಿ: ಇದು ಯಾವ ದಾರಿಯಲ್ಲಿ ಹರಡುತ್ತದೆ? ಈ ದ್ರಾವಣ ಶೇಕಡಾ ಎಷ್ಟರದು? ಇದನ್ನು ಹೊತ್ತವರ ಕೈಗೆ, ಕಣ್ಣಿಗೆ ರಕ್ಷಣೆ ಏನಿದೆ? ಮೂರಕ್ಕೂ ಉತ್ತರ ಸಿಕ್ಕರೆ ಪಂಪಿಗೆ ದಾರಿ ಬಿಡಿ. ಸಿಗದಿದ್ದರೆ ಅದೇ ಹಣದಲ್ಲಿ ಶಾಲೆಗೆ ಸೋಪು ಕೊಡಿಸಿ ಎಂದು ಹಟ ಹಿಡಿಯಿರಿ. ಆ ಹಟ ಹಿಡಿಯುವ ಹಕ್ಕು ತಂದೆತಾಯಿಗಳಾದ ನಿಮ್ಮದು.